ಅಳಿಸಬೇಡಿ, ಅದು ನನ್ನ ಮುಖ

ತಂಗಿಗೆ ಸೊರಬದ ಕಡೆಯಿಂದ ಸಂಬಂಧ ಬಂದ ವಾರವೇ ನಮ್ಮ ಮನೆಯವರು ನನ್ನ ಮುಖವನ್ನು ತಿದ್ದಿಸಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಸಂಜೆ ಶಾಲೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ದೊಡ್ಡಪ್ಪ ನಡುಮನೆಯ ಕುರ್ಚಿಯಲ್ಲಿ ಕೂತು ಅವ್ವನಿಗೆ ಒಂದು ಫೋಟೋ ತೋರಿಸುತ್ತಿದ್ದರು.

"ಈಗ ನೋಡು, ಹೆಂಗೈತಿ? ಮೊದ್ಲೇ ಹಿಂಗೆ ಮಾಡ್ಸಬೇಕಿತ್ತು."

ನನ್ನನ್ನು ಕಂಡಕೂಡಲೇ ಅವ್ವ ಫೋಟೋವನ್ನು ಸೆರಗಿನಡಿ ಸೇರಿಸಿಕೊಂಡಳು. ಅವಳಿಗೆ ಬಚ್ಚಿಡುವುದು ಬರುವುದಿಲ್ಲ, ಮೂಲೆ ಹೊರಗೇ ಇತ್ತು. ನಾನು ಕೈ ನೀಡಿ ಎಳೆದುಕೊಂಡೆ.

ಬಳ್ಳಿಗಾವಿಯಲ್ಲಿ ಸೋದರತ್ತೆಯ ಮನೆಯ ಗೃಹಪ್ರವೇಶಕ್ಕೆ ಹೋದಾಗ ದೇವಸ್ಥಾನದ ಮುಂದೆ ನಿಂತು ತೆಗೆಸಿಕೊಂಡ ಚಿತ್ರ ಅದು. ಅಪ್ಪಾಜಿ, ಅವ್ವ, ತಂಗಿ, ನಾನು. ನನ್ನದೇ ಫೋನಿನಲ್ಲಿ ತೆಗೆದದ್ದು. ಅದನ್ನು ಅವ್ವನಿಂದ ತರಿಸಿಕೊಂಡು ದೊಡ್ಡಪ್ಪ ಪೇಟೆಯ ಸ್ಟುಡಿಯೋ ಒಂದಕ್ಕೆ ಕೊಟ್ಟಿದ್ದರು. ಮೂವರು ಇದ್ದಂತೆಯೇ ಇದ್ದರು. ನಾಲ್ಕನೆಯವಳು ಯಾರೋ ಗೊತ್ತಾಗಲಿಲ್ಲ. ನನ್ನ ಸೀರೆ ಉಟ್ಟಿದ್ದಳು, ನನ್ನ ಓಲೆ ಹಾಕಿದ್ದಳು. ಮುಖ ಮಾತ್ರ ಹದವಾಗಿ ಸುಟ್ಟ ಮಡಕೆಯ ಹಾಗೆ ಒಂದೇ ಬಣ್ಣ. ತುಟಿಯ ಸುತ್ತ ಕೆನ್ನೆಯ ಬಣ್ಣವನ್ನೇ ಬಳಿದು ಬಾಯಿಯ ಅಂಚು ಮಾಯವಾಗಿತ್ತು. ಅವ್ವನ ಹೆಗಲ ಮೇಲಿಟ್ಟಿದ್ದ ನನ್ನ ಕೈಗೆ ಎಲ್ಲಿಂದಲೋ ಅವ್ವನ ಸೀರೆಯ ಜರಿಯಂಚು ಹತ್ತಿಕೊಂಡಿತ್ತು.

"ಇದ್ಯಾರು?" ಎಂದು ಕೇಳಿದೆ.

"ನೀನೇ. ಯಾರಂತ ಕೇಳ್ತಾಳೆ ನೋಡು," ಎಂದು ದೊಡ್ಡಪ್ಪ ನಕ್ಕರು. "ಸೊರಬದೋರಿಗೆ ಫೋನ್‌ನಾಗೆ ಕಳ್ಸಿ ಆತು. ಫ್ಯಾಮಿಲಿ ಫೋಟೋ ಬೇಕು ಅಂದ್ರು."

ನನಗೆ ತೊನ್ನು ಇದೆ. ಡಾಕ್ಟರು ಅದಕ್ಕೆ ವಿಟಿಲಿಗೊ ಎಂದರು, ಅವ್ವ "ಬಿಳಿ ಮಚ್ಚೆ" ಎನ್ನುತ್ತಾಳೆ, ನೆಂಟರು "ಅದು" ಎನ್ನುತ್ತಾರೆ. ನಾನು ತೊನ್ನು ಎಂದೇ ಹೇಳುತ್ತೇನೆ, ಜೋರಾಗಿ. ಆ ಶಬ್ದವನ್ನು ಪಿಸುಗುಟ್ಟುವವರ ಎದುರು ಜೋರಾಗಿ ಹೇಳಿದಾಗ ಅವರೇ ನೆಲ ನೋಡುವುದನ್ನು ಕಂಡಿದ್ದೇನೆ. ಕಾಲೇಜಿನಲ್ಲಿದ್ದಾಗ ತುಟಿಯ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಶುರುವಾಯಿತು. ಆಮೇಲೆ ಕಣ್ಣಿನ ಸುತ್ತ, ಬೆರಳುಗಳ ತುದಿಗೆ, ಮೊಣಕೈಗೆ. ನೋವಿಲ್ಲ, ತುರಿಕೆಯಿಲ್ಲ, ಮುಟ್ಟಿದರೆ ಯಾರಿಗೂ ಬರುವುದಿಲ್ಲ. ಮೊದಲ ಕೆಲವು ವರ್ಷ ಶಿವಮೊಗ್ಗಕ್ಕೂ ದಾವಣಗೆರೆಗೂ ಅಲೆದು ಮುಲಾಮು ಹಚ್ಚಿದೆವು, ಬಿಸಿಲಿಗೆ ಕೂತೆವು, ಯಾರೋ ಹೇಳಿದರೆಂದು ಹುಳಿ ಬಿಟ್ಟೆವು. ಒಂದು ದಿನ ನನಗೆ ಸಾಕೆನಿಸಿತು. ಹುಣಿಸೆಹಣ್ಣಿನ ಸಾರು ಮಾಡಿಕೊಂಡು ಎರಡು ಸಲ ಹಾಕಿಸಿಕೊಂಡು ಉಂಡೆ.

ಶಿಕಾರಿಪುರದ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ಮಕ್ಕಳು ಮೊದಲ ದಿನ ಕೇಳುತ್ತಾರೆ: "ಮಿಸ್, ಬಾಯಿಗೆ ಸುಣ್ಣ ಹತ್ತೇತಿ." ನಾನು "ಅದು ಸುಣ್ಣ ಅಲ್ಲ, ನನ್ನ ಚರ್ಮ" ಎನ್ನುತ್ತೇನೆ. ಅಲ್ಲಿಗೆ ಅವರ ಕುತೂಹಲ ಮುಗಿಯಿತು. ದೊಡ್ಡವರದ್ದು ಮುಗಿಯುವುದಿಲ್ಲ.

ಆ ಸಂಜೆ ದೊಡ್ಡಪ್ಪನಿಗೆ ಹೇಳಿದೆ: "ಫೋಟೋ ಕಳ್ಸೋದಾದ್ರೆ ಇದ್ದಿದ್ದ ಕಳ್ಸಬೇಕಿತ್ತು. ನಾನು ಇರೋದು ಹಿಂಗೆ."

"ನಿನ್ನ ಮದುವಿ ಮಾತಲ್ಲವ್ವ ಇದು. ಅವಳ ಮದುವಿ. ಮನೆತನದಾಗೆ ಐತಿ ಅಂದ್ರೆ ಯಾರು ಬರ್ತಾರೆ? ಒಂದು ಫೋಟೋಕ್ಕೆ ಇಷ್ಟ್ಯಾಕ ರಂಪ?"

ಅಪ್ಪಾಜಿ ಅಲ್ಲೇ ಇದ್ದರು. ಮೆಕ್ಕೆಜೋಳದ ವ್ಯಾಪಾರದಲ್ಲಿ ಗಂಟಲು ಹರಿಯುವ ಹಾಗೆ ಮಾತಾಡುವ ಮನುಷ್ಯ, ಅಣ್ಣನ ಎದುರು ಬಾಯಿ ಬಿಡುವುದಿಲ್ಲ. ಫ್ಯಾನ್ ನೋಡುತ್ತ ಕೂತಿದ್ದರು.

ದೊಡ್ಡಪ್ಪನಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಆ ಸ್ಟುಡಿಯೋದವನು ಮಾಡಿದ್ದ ಕೆಲಸವನ್ನು ಅವನಿಗಿಂತ ಚೆನ್ನಾಗಿ ಮಾಡಲು ನನಗೆ ಬರುತ್ತಿತ್ತು.

ಶಾಲೆಗಳು ಮುಚ್ಚಿ ಫೋನಿನಲ್ಲಿ ಪಾಠ ಹೇಳುವ ಕಾಲ ಬಂದಾಗ ಅಪ್ಪಾಜಿ ನನಗೊಂದು ಹಳೆಯ ಕಂಪ್ಯೂಟರ್ ತಂದುಕೊಟ್ಟಿದ್ದರು. ಜೋಳದ ಚೀಲ ಇಡುವ ಕೋಣೆಯ ಕಿಟಕಿಯ ಪಕ್ಕ ಮೇಜು. ಮಕ್ಕಳಿಗೆ ಕಳಿಸಲು ಚಿತ್ರಗಳು ಬೇಕಿದ್ದವು. ಇಂಟರ್ನೆಟ್ಟಿನಲ್ಲಿ ಸಿಗುವ ಸೇಬು, ಹಿಮಮನುಷ್ಯ ನಮ್ಮ ಮಕ್ಕಳಿಗೆ ಯಾಕೆ ಎಂದು ನಾನೇ ಕುಂಬಳಕಾಯಿ, ಕುಡುಗೋಲು, ಕಣಜ, ಎಮ್ಮೆಕರುಗಳ ಫೋಟೋ ತೆಗೆದೆ. ಫೋನಿನಿಂದ ವೈರು ಹಾಕಿ ಕಂಪ್ಯೂಟರಿಗೆ ಇಳಿಸುವುದು, ಬೇಡದ ಅಂಚು ಕತ್ತರಿಸುವುದು, ಮಸುಕಾದದ್ದಕ್ಕೆ ಬೆಳಕು ಹೆಚ್ಚಿಸುವುದು ಮೊದಲು ಕಲಿತದ್ದು. ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಇಳಿಸಿಕೊಂಡು ವಿಡಿಯೋ ನೋಡಿ ನೋಡಿ ಮುಂದಿನದನ್ನು ಕಲಿತೆ. ಮೌಸ್ ಹಿಡಿದು ಕುಂಬಳಕಾಯಿಯ ಸುತ್ತ ಗೆರೆ ಎಳೆದು ಹಿಂದಿನ ಗೋಡೆಯನ್ನು ಪೂರಾ ತೆಗೆದುಹಾಕಿದ ಮಧ್ಯಾಹ್ನ ಅವ್ವನನ್ನು ಅಡುಗೆಮನೆಯಿಂದ ಎಳೆದು ತಂದು ತೋರಿಸಿದ್ದೆ. "ಗೋಡಿ ಎಲ್ಲಿ ಹೋತೇ?" ಎಂದು ಅವಳು ಪರದೆಯ ಹಿಂದೆ ಬಗ್ಗಿ ನೋಡಿದ್ದಳು.

ಆಮೇಲೆ ಓಣಿಯವರ ಹಳೆಯ ಫೋಟೋಗಳು ಬರತೊಡಗಿದವು. ಗೆದ್ದಲು ತಿಂದ ಮೂಲೆ, ಮಡಚಿ ಬಿರುಕುಬಿಟ್ಟ ಮುಖ. ಫೋಟೋದ ಒಂದು ಜಾಗದ ಬಣ್ಣವನ್ನು ಎತ್ತಿ ಇನ್ನೊಂದು ಜಾಗಕ್ಕೆ ಮುದ್ರೆಯಂತೆ ಒತ್ತುವ ಸಾಧನವಿದೆ. ಅದನ್ನು ಹಿಡಿದರೆ ಕೈ ಹಗುರವಿರಬೇಕು. ಅವಸರ ಮಾಡಿದರೆ ಪಕ್ಕದ ಸೀರೆಯಂಚೂ ಬಂದು ಕೈಗೆ ಹತ್ತಿಕೊಳ್ಳುತ್ತದೆ. ದೊಡ್ಡಪ್ಪ ತಂದ ಫೋಟೋದಲ್ಲಿ ಆದದ್ದು ಅದೇ.

ಸೊರಬದವರು ಫೋಟೋ ಒಪ್ಪಿದರು. ಭಾನುವಾರ ಹೆಣ್ಣು ನೋಡಲು ಬರುತ್ತೇವೆ ಎಂದರು. ಮನೆಯಲ್ಲಿ ಎರಡು ಯೋಜನೆ ನಡೆದವು. ಒಂದು, ಆ ದಿನ ನಾನು ತಾಳಗುಂದದ ಚಿಕ್ಕಮ್ಮನ ಮನೆಯಲ್ಲಿರುವುದು. ಎರಡು, ಬ್ಯೂಟಿ ಪಾರ್ಲರಿನವಳನ್ನು ಕರೆಸಿ ಮುಖಕ್ಕೂ ಕೈಗೂ ದಪ್ಪಗೆ ಕ್ರೀಮು ಹಚ್ಚುವುದು. ಅವ್ವ ಎರಡನೆಯದರ ಕಡೆ ಇದ್ದಳು. "ಮನ್ಯಾಗೆ ಇದ್ದಂಗೂ ಆತು," ಎಂದಳು, ಅದೇನೋ ನನಗೆ ಮಾಡುವ ಉಪಕಾರದಂತೆ. ನಾನು ಎರಡಕ್ಕೂ ಒಲ್ಲೆ ಎಂದೆ. "ನಮ್ಮ ಮನೆ ಇದು. ನಾನೇ ಚಾ ಕೊಡ್ತೀನಿ."

ಆಗ ಮಾತಾಡಿದವಳು ತಂಗಿ. ಅವಳು ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಮನೆಯಲ್ಲಿ ಕಡಿಮೆ ಮಾತು. ನಾನು ಕಂಪ್ಯೂಟರಿನ ಮುಂದೆ ಕೂತಿದ್ದಾಗ ಬಂದು ಬಾಗಿಲು ಮುಂದೆ ಮಾಡಿ ಜೋಳದ ಚೀಲದ ಮೇಲೆ ಕೂತಳು.

"ಅಕ್ಕ, ಬಳ್ಳಿಗಾವಿ ಫೋಟೋ ಇದ್ದಿದ್ದು ಇದ್ದಂಗೆ ಐತಲ್ಲ ನಿನ್ನ ಹತ್ರ?"

"ಐತಿ."

"ನಂಗೆ ಕಳ್ಸು. ಆ ಹುಡುಗನ ನಂಬರ್ ಐತಿ. ನಾನೇ ಕಳಿಸ್ತೀನಿ."

"ಸಂಬಂಧ ಮುರಿದ್ರೆ?"

"ಮುರೀಲಿ. ನಾಳೆ ನೀನು ನಮ್ಮ ಮನೀಗೆ ಬರೋವಾಗೆಲ್ಲ ಬಣ್ಣ ಬಳ್ಕೊಂಡು ಬರ್ತೀಯೇನು? ನನ್ನ ಮಕ್ಕಳನ್ನ ಎತ್ತಿಕೊಳ್ಳಾಕ ಗ್ಲೌಸ್ ಹಾಕ್ಕೋತೀಯಾ?"

ಅವಳು ಕೆಲಸಕ್ಕೆ ಹೋದಳು. ನಾನು ಮೂಲ ಫೋಟೋವನ್ನು ತೆರೆದೆ. ಸೂರ್ಯ ನಮ್ಮ ಹಿಂದೆ ಇದ್ದುದರಿಂದ ಮುಖಗಳು ಕಪ್ಪಾಗಿದ್ದವು. ನೆರಳಿನ ಭಾಗಕ್ಕೆ ತುಸು ಬೆಳಕು ಕೊಟ್ಟೆ. ಈಗ ಎಲ್ಲ ಕಾಣಿಸಿತು. ಅಪ್ಪಾಜಿಯ ಹಣೆಯ ವಿಭೂತಿ, ಅವ್ವನ ಬಿಳಿಗೂದಲು, ನನ್ನ ತುಟಿಯ ಸುತ್ತಲಿನ ಬಿಳಿ. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೂ ಕೈ ನಿಲ್ಲಲಿಲ್ಲ. ಅವನು ಅಷ್ಟು ಕೆಟ್ಟದಾಗಿ ಮಾಡಿದ್ದನಲ್ಲ, ಸರಿಯಾಗಿ ಮಾಡಿದರೆ ಹೇಗಿರುತ್ತದೆ ನೋಡೋಣ ಎನಿಸಿತು. ಮೂಲಚಿತ್ರ ಕೆಡದಂತೆ ಅದರ ಮೇಲೆ ಬೇರೆ ಪದರ ತೆರೆದು, ಸಣ್ಣ ಕುಂಚ ಹಿಡಿದು, ಕೆನ್ನೆಯ ಬಣ್ಣವನ್ನು ಚೂರುಚೂರೇ ಎತ್ತಿ ಕಣ್ಣಿನ ಸುತ್ತ ತುಂಬಿದೆ. ತುಟಿಯ ಅಂಚನ್ನು ಕಾಪಾಡಿಕೊಂಡೆ. ಬೆರಳುಗಳನ್ನು ಒಂದೊಂದಾಗಿ ಮುಗಿಸಿದೆ. ಒಳ್ಳೆಯ ಕೆಲಸವಾಗಿತ್ತು, ಯಾರೂ ಹಿಡಿಯಲಾರದಷ್ಟು.

ಆ ಹೆಂಗಸನ್ನು ತುಂಬ ಹೊತ್ತು ನೋಡಿದೆ. ಚೆನ್ನಾಗಿದ್ದಳು, ಸುಳ್ಳು ಹೇಳುವುದಿಲ್ಲ. ಇವಳಾಗಿದ್ದರೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇರುತ್ತಿರಲಿಲ್ಲ, ಆರತಿ ತಟ್ಟೆ ನನ್ನನ್ನು ದಾಟಿ ಹೋಗುತ್ತಿರಲಿಲ್ಲ ಎಂದೆಲ್ಲ ಅನಿಸಿತು. ಒಂದು ಆಸೆ ಎದ್ದು ನಿಂತಿತು. ಆಮೇಲೆ ಅದರ ಬೆನ್ನಿಗೇ ಸಿಟ್ಟು ಬಂತು. ಈ ಹೆಂಗಸು ಏನು ಮಾಡಿದ್ದಾಳೆ? ಅಷ್ಟು ಜನರ ಎದುರು ತಲೆಯೆತ್ತಿ ನಡೆದವಳು ನಾನು. ಪೋಷಕರ ಸಭೆಯಲ್ಲಿ "ನಮ್ಮ ಹುಡುಗೀನ ಬೇರೆ ಸೆಕ್ಷನ್ನಿಗೆ ಹಾಕ್ರಿ" ಅಂದವರ ಮುಂದೆ ನಿಂತು, ಡಾಕ್ಟರ ಮಾತನ್ನು ಅಳದೆ ವಿವರಿಸಿದವಳು ನಾನು. ಇವಳಿಗೆ ಯಾಕೆ ನನ್ನ ಜಾಗ ಬಿಟ್ಟುಕೊಡಬೇಕು?

ಮಾಡಿದ್ದನ್ನು ಹಿಂದಕ್ಕೆ ತರುವ ಕಂಟ್ರೋಲ್ ಝಡ್ ಒತ್ತಿದೆ. ಒಂದು ಬೆರಳಿನ ಬಿಳಿ ಮರಳಿ ಬಂತು. ಮತ್ತೆ ಒತ್ತಿದೆ, ಇನ್ನೊಂದು ಬೆರಳು. ಪದರವನ್ನೇ ಒಮ್ಮೆಗೆ ಅಳಿಸಬಹುದಿತ್ತು, ಬೇಕೆಂದೇ ಒಂದೊಂದಾಗಿ ಹಿಂದೆ ಬಂದೆ. ಕಣ್ಣಿನ ಸುತ್ತ, ತುಟಿಯ ಮೂಲೆ. ಕೊನೆಗೆ ನಾನು ಪೂರ್ತಿ ಬಂದಾಗ ಚಿತ್ರವನ್ನು ಉಳಿಸಿ ತಂಗಿಗೆ ಕಳಿಸಿದೆ.

ಅವಳು ಅದನ್ನು ಹುಡುಗನಿಗೆ ಕಳಿಸಿ ಕೆಳಗೆ ಬರೆದಳಂತೆ: "ಮೊದಲು ಬಂದ ಫೋಟೋದಲ್ಲಿ ನನ್ನ ಅಕ್ಕನ ಮುಖ ತಿದ್ದಿದ್ದರು. ಇದು ನಿಜವಾದದ್ದು. ಅಕ್ಕನಿಗೆ ತೊನ್ನು ಇದೆ. ಒಪ್ಪಿಗೆಯಿದ್ದರೆ ಬನ್ನಿ." ಉತ್ತರ ಬರಲಿಲ್ಲ. ಮಾರನೆಯ ದಿನ ಸೊರಬದಿಂದ ದೊಡ್ಡಪ್ಪನಿಗೆ ಫೋನು ಬಂತು. ಸಂಬಂಧ ತಂದಿದ್ದ ಮಧ್ಯಸ್ಥ, "ಏನ್ರೀ ಇದು, ಎರಡೆರಡು ಫೋಟೋ?" ಎಂದು ಕೇಳಿದ್ದರು.

ದೊಡ್ಡಪ್ಪ ಬಂದು ಕೂಗಾಡಿದ್ದು ಓಣಿಗೆಲ್ಲ ಕೇಳಿತು. ಮನೆ ಹಾಳು ಮಾಡಿದೆ ಎಂದರು, ತಂಗಿಯ ಬಾಳಿಗೆ ಕಲ್ಲು ಹಾಕಿದೆ ಎಂದರು. "ನಿನಗಂತೂ ಆಗ್ಲಿಲ್ಲ, ಅವಳಿಗೂ ಆಗಬಾರದು ಅಂತೇನು?" ಎಂದಾಗ ಮಾತ್ರ ಫ್ಯಾನ್ ನೋಡುತ್ತಿದ್ದ ಅಪ್ಪಾಜಿ ಎದ್ದು ನಿಂತರು.

"ಅಣ್ಣಾ, ಅಷ್ಟಕ್ಕೆ ಬಿಡು. ಫೋಟೋ ಕಳ್ಸಿದ್ದು ಸಣ್ಣಾಕಿ. ದೊಡ್ಡಾಕಿ ಮುಖ ತಿದ್ಸಿದ್ದು ನಾವು. ತಪ್ಪು ಯಾರ್ದು ಅಂತ ನನಗೆ ಗೊತ್ತೈತಿ."

ಅಣ್ಣನೆದುರು ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡಪ್ಪ ಚಾ ಕುಡಿಯದೆ ಹೋದರು.

ಭಾನುವಾರ ಅವರು ಬಂದರು. ಬರುವುದಿಲ್ಲ ಎಂದುಕೊಂಡು ಅವ್ವ ಉಪ್ಪಿಟ್ಟಿಗೂ ರವೆ ಹುರಿದಿರಲಿಲ್ಲ. ಹುಡುಗ, ಅವನ ತಾಯಿ, ಆ ಮಧ್ಯಸ್ಥ. ತಾಯಿ ಗಟ್ಟಿ ಹೆಂಗಸು, ಗದ್ದೆಯಲ್ಲಿ ನಾಟಿಗೆ ಇಳಿದು ಹತ್ತಿದ ಕೈಕಾಲು. ಗಲ್ಲದ ಮೇಲೆ ಹಸಿರು ಹಚ್ಚೆಯ ಮೂರು ಚುಕ್ಕೆ, ಮುಂಗೈ ತುಂಬ ಬಳ್ಳಿಯ ಹಚ್ಚೆ. ನಾನು ಕ್ರೀಮು, ಪೌಡರು ಏನೂ ಇಲ್ಲದೆ ಚಾ ತಂದೆ. ಅವರು ಲೋಟ ತೆಗೆದುಕೊಳ್ಳುವ ಮೊದಲು ನನ್ನ ಬೆರಳು ನೋಡಿದರು.

"ಇದು ಎಂತದೇ? ಮುಟ್ಟಿದ್ರೆ ಬತ್ತದಾ?"

"ಇಲ್ರೀ. ಬ್ಯಾನಿ ಅಲ್ಲ, ಬರೇ ಬಣ್ಣ. ಬೇಕಾದ್ರೆ ಮುಟ್ಟಿ ನೋಡ್ರಿ." ತಟ್ಟೆಯನ್ನು ಮೇಜಿನ ಮೇಲಿಟ್ಟು ಕೈ ಚಾಚಿದೆ.

ಅವರು ಮುಟ್ಟಲಿಲ್ಲ. ಚಾ ಮಾತ್ರ ತೆಗೆದುಕೊಂಡರು. ಗುಟುಕರಿಸಿ, ನನ್ನನ್ನು ಬಿಟ್ಟು ತಂಗಿಯ ಕಡೆ ತಿರುಗಿದರು. "ಅಲ್ಲ ಮಾರಾಯ್ತಿ, ನಾಳೆ ನನ್ನ ಮೊಮ್ಮಕ್ಳಿಗೆ ಬಂದ್ರೆ ಎಂತ ಮಾಡೂದು?"

"ಬರಬಹುದು, ಬರದೇನೂ ಇರಬಹುದು," ಎಂದಳು ತಂಗಿ. "ಬಂದ್ರೆ ನಮ್ಮ ಅಕ್ಕನ ಥರ ಇರ್ತಾರೆ. ಅಷ್ಟೇ."

ಅವ್ವ ಸೆರಗನ್ನು ಬಾಯಿಗಿಟ್ಟುಕೊಂಡಿದ್ದಳು. ಆಗ ಆ ಹುಡುಗ ಕೆಮ್ಮಿ, ನನ್ನನ್ನು ನೋಡಿ ಹೇಳಿದ: "ಮೊದ್ಲಿನ ಫೋಟೋದಾಗೆ ನಿಮ್ಮ ಕೈ ಮ್ಯಾಲೆ ಸೀರೆ ಅಂಚು ಬಂದಿತ್ತಲ್ಲ, ನಾನು ಟ್ಯಾಟೂ ಹಾಕಿಸ್ಕಂಡಿದಾರೆ ಅನ್ಕಂಡಿದ್ದೆ. ಟ್ಯಾಟೂ ಹಾಕ್ಸೋ ಟೀಚರ್ ಅಂತ ಗೆಳೆಯರಿಗೂ ತೋರ್ಸಿದ್ದೆ."

ತಂಗಿಗೆ ನಗು ತಡೆಯಲಾಗಲಿಲ್ಲ. ನನಗೂ. ಅವನ ತಾಯಿ ನಗಲಿಲ್ಲ. ಹೋಗುವಾಗ, "ಯೋಚ್ನೆ ಮಾಡಿ ಹೇಳ್ತೀವಿ," ಎಂದರು. ಬಹಳ ದಿನ ಯೋಚನೆ ಮಾಡಿದರು. ಹುಡುಗ ನಡುವೆ ಶಿಕಾರಿಪುರಕ್ಕೆ ಬಂದು ತಂಗಿಯ ಲ್ಯಾಬಿನ ಹತ್ತಿರ ಕಾದು ಮಾತಾಡಿಸಿ ಹೋದ. ತಾಯಿಯನ್ನು ಒಪ್ಪಿಸಿದವನು ಅವನೇ. ಅಂತೂ ಸೊರಬದಲ್ಲಿ ಮದುವೆ ನಿಶ್ಚಯವಾಯಿತು.

ಮದುವೆಯ ದಿನ ಫೋಟೋಗ್ರಾಫರ್ ಮನೆಯವರನ್ನೆಲ್ಲ ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸುತ್ತ, "ಮೇಡಂ, ನೀವು ಒಂಚೂರು ಹಿಂದೆ, ಆ ಕಂಬದ ಕಡೆ," ಎಂದು ನನಗೆ ಕೈ ತೋರಿಸಿದ. ನಾನು ತಂಗಿಯ ಬಲಕ್ಕೆ ಹೋಗಿ ನಿಂತೆ. "ಇಲ್ಲೇ ತೆಗೀರಿ," ಎಂದೆ. ಅವನು ತೆಗೆದ.

ಅಲ್ಲಿಗೆ ನಾನು ಗೆದ್ದೆ ಎಂದುಕೊಂಡಿದ್ದೆ. ಆಲ್ಬಮ್ಮಿನ ನಮೂನೆ ಫೋನಿಗೆ ಬಂದ ದಿನ ಗೊತ್ತಾಯಿತು, ಕ್ಯಾಮೆರಾದ ಮುಂದೆ ನಿಲ್ಲುವುದು ಅರ್ಧ ಕೆಲಸ ಮಾತ್ರ. ನಾನು ತಂಗಿಯ ಬಲಕ್ಕೇ ಇದ್ದೆ, ಮುಖ ಮತ್ತೆ ಮಡಕೆಯ ಬಣ್ಣಕ್ಕೆ ತಿರುಗಿತ್ತು. ಈ ಸಲ ನಾನೊಬ್ಬಳೇ ಅಲ್ಲ. ನಸುಗಪ್ಪಿನ ತಂಗಿ ಮೈದಾಹಿಟ್ಟಿನ ಹಾಗಿದ್ದಳು. ಮದುವೆಗೆ ಮುಂಚೆ ಅವರಿಬ್ಬರೂ ಗುಡವಿಗೆ ಹೋಗಿ ಕೆರೆಯ ದಂಡೆಯಲ್ಲಿ ಫೋಟೋ ತೆಗೆಸಿಕೊಂಡಿದ್ದರು. ಆ ಕೆರೆ, ಮರದ ತುಂಬ ಕೂತ ಹಕ್ಕಿ ಎಲ್ಲ ಹೋಗಿ ಹಿಂದೆ ಹಿಮದ ಬೆಟ್ಟ, ನೀಲಿ ಸರೋವರ ಬಂದಿದ್ದವು. ತಂಗಿಯ ಗಂಡ ಪಂಚೆಯುಟ್ಟು ಹಿಮದಲ್ಲಿ ನಿಂತಿದ್ದ.

ನಾನು ತಂಗಿಗೆ ಫೋನು ಮಾಡುವ ಮೊದಲೇ ಅವಳ ಅತ್ತೆಯ ಫೋನು ಬಂತು. ಬೀಗರಾದ ಮೇಲೂ ಅವರು ನನ್ನೊಂದಿಗೆ ನೇರವಾಗಿ ಮಾತಾಡಿದ್ದು ಕಡಿಮೆ.

"ನೀನು ಕಂಪೂಟ್ರಿನಾಗೆ ಫೋಟೋ ಕೆಲ್ಸ ಮಾಡ್ತೀಯಂತಲ್ಲ?"

"ಹೌದ್ರೀ."

"ನನ್ನ ಹಚ್ಚೆ ಎಲ್ಲಿಗೆ ಹೋತು?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಫೋನಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅವರ ಗಲ್ಲದ ಮೂರು ಚುಕ್ಕೆ ಇರಲಿಲ್ಲ. ಮುಂಗೈಯ ಬಳ್ಳಿ ಇರಲಿಲ್ಲ. ಐವತ್ತು ದಾಟಿದ ಹೆಂಗಸಿನ ಕೈ ರಬ್ಬರಿನ ಹಾಗೆ ನುಣ್ಣಗಾಗಿತ್ತು.

"ಅಳಿಸಿದಾರೆ," ಎಂದೆ.

"ಯಾರನ್ನ ಕೇಳಿ ಅಳಿಸಿದ್ರು? ನಮ್ಮವ್ವ ನನ್ನ ತಲೆ ತೊಡೆ ಮ್ಯಾಲಿಟ್ಕಂಡು, ಅಳಬ್ಯಾಡ ಅಳಬ್ಯಾಡ ಅಂತ ಬೆಲ್ಲ ತಿನ್ಸಿ ಹಾಕ್ಸಿದ್ದು ಅದು. ಅವಳು ಹೋದ್ಮೇಲೆ ಅವಳ ಗುರ್ತು ಅಂತ ಇರೋದು ಅದೊಂದೇ. ಅವ್ನ ಅಂಗಡಿ ನೋಡಿದೀಯಾ ನೀನು? ಬಾ, ಹೋಗನ."

ಮುಂದಿನ ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಸೊರಬದ ಬಸ್ಸು ಹತ್ತಿದೆ. ನಿಲ್ದಾಣದಲ್ಲಿ ತಂಗಿ ಮತ್ತು ಅವಳ ಅತ್ತೆ ಕಾಯುತ್ತಿದ್ದರು. ಸ್ಟುಡಿಯೋದ ಮಾಲೀಕ ಮರ್ಯಾದಸ್ಥ, ಕುರ್ಚಿ ಹಾಕಿದ.

"ಎಲ್ರಿಗೂ ಒಂದೇ ಸೆಟ್ಟಿಂಗ್ ಮೇಡಂ," ಎಂದ. "ಸಾಫ್ಟ್‌ವೇರೇ ಮುಖ ಹುಡುಕಿ ಕ್ಲೀನ್ ಮಾಡ್ತದೆ. ಕಲೆ ಗಿಲೆ ಎಲ್ಲ ತೆಗೀತದೆ. ನಿಮಗೆ ಸ್ಪೆಷಲ್ಲಾಗಿ ಕೂತು ಕೈಯಲ್ಲಿ ಮಾಡಿದೀನಿ, ಚಾರ್ಜ್ ಇಲ್ದೆ. ಬೇಡ ಅಂದೋರು ಇಲ್ಲೀತಂಕ ಯಾರೂ ಬಂದಿಲ್ಲ."

"ಈಗ ಬಂದೀವಲ್ರೀ," ಎಂದೆ.

"ನೋಡಿ, ಜನ ಚಂದ ಕಾಣ್ಬೇಕು ಅಂತಾನೇ..."

ಅತ್ತೆ ಗಲ್ಲ ಮುಂದೆ ಚಾಚಿದರು. "ಇದು ಕಲೆಯೇನಾ? ಹೇಳು. ನಿನ್ನ ಸಾಫ್ಟಿಗೆ ಗೊತ್ತಿಲ್ದಿದ್ರೆ ನಿನಗಾದ್ರೂ ಗೊತ್ತಾಗ್ಬ್ಯಾಡ್ವಾ?" ಆಮೇಲೆ ಇನ್ನೊಂದು ಮಾಡಿದರು. ಪಕ್ಕದಲ್ಲಿ ಕೂತಿದ್ದ ನನ್ನ ಕೈಯನ್ನು ಹಿಡಿದೆತ್ತಿ ಅವನ ಮೇಜಿನ ಮೇಲಿಟ್ಟರು, ಬಿಳಿ ಬೆರಳು ಮೇಲೆ ಬರುವ ಹಾಗೆ. ತಮ್ಮ ಹಚ್ಚೆಯ ಕೈಯನ್ನು ಅದರ ಪಕ್ಕಕ್ಕಿಟ್ಟರು. "ಇದೂ ಅಳಿಸ್ಬ್ಯಾಡ, ಇದೂ ಅಳಿಸ್ಬ್ಯಾಡ. ಅಷ್ಟು ಮಾಡು ಸಾಕು."

ಅವರು ನನ್ನನ್ನು ಮುಟ್ಟಿದ್ದು ಅವರಿಗೇ ಗಮನವಿತ್ತೋ ಇಲ್ಲವೋ. ನನಗಿತ್ತು. ಅವರ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ತಂಗಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಮಾಲೀಕ ಮತ್ತೆ ಮೊದಲಿನಿಂದ ಮಾಡಲು ಪುರುಸೊತ್ತಿಲ್ಲ ಎಂದ. ಆಗ ನಾನು, "ತಿದ್ದದೇ ಇರೋ ಫೋಟೋ ಎಲ್ಲ ಕೊಡ್ರಿ, ಆಲ್ಬಮ್ ನಾನೇ ಮಾಡ್ತೀನಿ, ನೀವು ಪ್ರಿಂಟ್ ಹಾಕ್ಸಿ," ಎಂದೆ. ಅವನು ನನ್ನನ್ನು ಅಳೆಯುವವನಂತೆ ನೋಡಿದ. ಫೋಟೋದ ಅಳತೆ, ಪುಟದ ಅಂಚು, ಪ್ರಿಂಟಿಗೆ ಬೇಕಾದ ಗಾತ್ರ ಕೇಳಿದೆ. ಕಾಗದದ ಮೇಲೆ ಬರೆದುಕೊಟ್ಟು, ಪೆನ್‌ಡ್ರೈವ್ ತುಂಬಿಸಿಕೊಟ್ಟ.

ಆ ಮಳೆಗಾಲದ ರಜಾದಿನಗಳೆಲ್ಲ ಆ ಕಂಪ್ಯೂಟರಿನ ಮುಂದೆ ಕಳೆದವು. ಮದುವೆಮನೆಯ ಹಳದಿ ಬಲ್ಬಿನಿಂದ ಮುಖಗಳೆಲ್ಲ ಕಾಮಾಲೆ ಬಂದಂತಿದ್ದವು, ಆ ಹಳದಿಯನ್ನು ಇಳಿಸಿದೆ. ವಾಲಿದ ಕಂಬಗಳನ್ನು ನೆಟ್ಟಗೆ ಮಾಡಿದೆ. ಧಾರೆಯ ಹೊತ್ತಿಗೆ ಚೌಕಟ್ಟಿನೊಳಗೆ ನುಗ್ಗಿದ್ದ ಯಾರದೋ ಮೊಣಕೈ ಕತ್ತರಿಸಿದೆ. ಹೊಗೆಯಲ್ಲಿ ಮಂಕಾದ ತಂಗಿಯ ಕಣ್ಣಿಗೆ ಬೆಳಕು ಕೊಟ್ಟೆ, ಅವಳ ಬಣ್ಣವನ್ನು ಮುಟ್ಟಲಿಲ್ಲ. ಗುಡವಿಯ ಕೆರೆಯನ್ನು ಅದರ ಪಾಚಿ, ಜೊಂಡು, ಹಕ್ಕಿಯ ಹಿಕ್ಕೆಯಿಂದ ಬೆಳ್ಳಗಾದ ಕೊಂಬೆಗಳ ಸಮೇತ ಇಟ್ಟೆ. ಅತ್ತೆಯ ಗಲ್ಲದ ಚುಕ್ಕೆ ಮಸುಕಾಗಿ ಬಂದಿದ್ದ ಕಡೆ ಅಷ್ಟು ಜಾಗಕ್ಕೆ ಮಾತ್ರ ಸ್ಪಷ್ಟತೆ ಹೆಚ್ಚಿಸಿದೆ. ಅವ್ವ ಅನ್ನ ಕಲಸಿ ತಂದು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಚಿತ್ರ ಪರದೆಯ ತುಂಬ ಇದ್ದಾಗ, "ಈ ಸೀರಿ ನಿನಗೆ ಒಪ್ಪೇತಿ," ಎಂದಳು.

ಆಲ್ಬಮ್ ಬಂದಾಗ ಎಲ್ಲರೂ ಮೆಚ್ಚಿದರು ಎಂದರೆ ಅದು ಸುಳ್ಳು. ಸೊರಬದ ಕೆಲವು ನೆಂಟರಿಗೆ ತಾವು ಕಪ್ಪಗೆ ಕಂಡೆವೆಂದು ಬೇಸರವಾಯಿತು. ದೊಡ್ಡಪ್ಪ ಪುಟ ತಿರುಗಿಸುತ್ತ ನನ್ನ ಚಿತ್ರದ ಹತ್ತಿರ ಬಂದಾಗ, "ಹಿಂಗೇ ಪ್ರಿಂಟ್ ಹಾಕ್ಸಿದ್ಯಾ?" ಎಂದು ಕೇಳಿದರು. "ಹಿಂಗೇ," ಎಂದೆ. ಅವರು ಪುಟ ತಿರುವಿದರು. ಅವರು ಇಂದಿಗೂ ಬದಲಾಗಿಲ್ಲ, ನಾನೂ ಬದಲಾಗಿಲ್ಲ. ಹಬ್ಬಕ್ಕೆ ಒಟ್ಟಿಗೆ ಉಣ್ಣುತ್ತೇವೆ.

ಆ ಆಲ್ಬಮ್ಮಿನ ಸುದ್ದಿಯಿಂದ ನನ್ನ ಹತ್ತಿರ ಬರುವವರು ಹೆಚ್ಚಾದರು. ಹರಿದದ್ದನ್ನು ಜೋಡಿಸುತ್ತೇನೆ, ಬೂಷ್ಟು ತೆಗೆಯುತ್ತೇನೆ, ಅರ್ಜಿಗೆ ಬೇಕಾದ ಗಾತ್ರಕ್ಕೆ ಕತ್ತರಿಸಿಕೊಡುತ್ತೇನೆ. ಮೊಡವೆಯನ್ನೂ ತೆಗೆಯುತ್ತೇನೆ. ಮುಂದಿನ ವಾರ ತಾನೇ ಹೋಗುವುದನ್ನು ಈ ವಾರ ಅಳಿಸಿದರೆ ನನಗೆ ತಕರಾರಿಲ್ಲ. ಬಣ್ಣ ಬಿಳಿ ಮಾಡುವುದಿಲ್ಲ. ಒಮ್ಮೆ ಒಬ್ಬ ತಾಯಿ ಮಗಳ ಫೋಟೋ ಹಿಡಿದು ಬಂದು, "ಒಂದೆರಡು ಪಾಯಿಂಟ್ ಬಿಳಿ ಮಾಡ್ರಿ, ಗಂಡಿನೋರಿಗೆ ಕಳ್ಸಬೇಕು," ಎಂದರು. ಆಗುವುದಿಲ್ಲ ಎಂದೆ. "ನಿಮಗೇನ್ರಿ, ನೀವು ಹೇಳ್ತೀರಿ. ಮದುವಿ ಆಗಬೇಕಾದ್ದು ನನ್ನ ಮಗಳು," ಎಂದು ಎದ್ದರು. ನಾನು ಆ ಹುಡುಗಿಯ ಮುಖಕ್ಕೆ ಬಿದ್ದಿದ್ದ ನೆರಳನ್ನು ತೆಗೆದು, ಹಿಂದಿನ ಗೋಡೆಯ ಕ್ಯಾಲೆಂಡರ್ ಅಳಿಸಿ, ಬಣ್ಣವನ್ನು ಹಾಗೇ ಬಿಟ್ಟು ತೋರಿಸಿದೆ. ತಾಯಿ ನೋಡಿದರು, ಚೆನ್ನಾಗಿದೆ ಎಂದೂ ಒಪ್ಪಿದರು, ಆದರೂ ಬೇರೆ ಕಡೆ ಹೋಗಿ ಬಿಳಿ ಮಾಡಿಸಿದರು. ಅವರ ಭಯ ನನಗೆ ಅರ್ಥವಾಗುತ್ತದೆ. ಅದಕ್ಕೆ ನನ್ನ ಕೈ ಜೋಡಿಸಲಾರೆ.

ಈಗೀಗ ತೊಂದರೆ ಕೊಡುವುದು ಫೋನುಗಳು. ಅವು ಯಾರನ್ನೂ ಕೇಳದೆ ಚಿತ್ರ ತೆಗೆಯುವಾಗಲೇ ಮುಖ ತಿದ್ದುತ್ತವೆ. ಕಳೆದ ವಾರ ನಮ್ಮ ಶಾಲೆಯ ಸಿಬ್ಬಂದಿಯ ಗುಂಪು ಚಿತ್ರವಿತ್ತು. ಮುಖ್ಯ ಶಿಕ್ಷಕಿ ಹೊಸ ಫೋನು ತಂದಿದ್ದರು. ತೆಗೆದದ್ದನ್ನು ಎಲ್ಲರೂ ಸುತ್ತ ನಿಂತು ನೋಡಿದೆವು. ನನ್ನ ಮುಖದ ಬಿಳಿ ಅರ್ಧಕ್ಕರ್ಧ ಕರಗಿಹೋಗಿತ್ತು.

"ಎಷ್ಟ್ ಚಂದ ಬಂದೀರಿ ಮಿಸ್," ಎಂದರು ಅವರು. ಮನಸ್ಸಿನಿಂದಲೇ ಹೇಳಿದ್ದು.

"ಫೋನ್ ಒಂದ್ನಿಮಿಷ ಕೊಡ್ರಿ ಮೇಡಂ."

ಕ್ಯಾಮೆರಾ ತೆರೆದು ಮೂಲೆಯ ಸೆಟ್ಟಿಂಗಿಗೆ ಹೋದೆ. ಬ್ಯೂಟಿ ಎಂದು ಬರೆದ ಕಡೆ ಗೆರೆ ಅರ್ಧಕ್ಕಿತ್ತು. ಬೆರಳಿಟ್ಟು ಸೊನ್ನೆಗೆ ಎಳೆದೆ. ಅದರಡಿಯಲ್ಲಿ ಇನ್ನೊಂದು ಸ್ವಿಚ್ಚಿತ್ತು, ಅದನ್ನೂ ಆಫ್ ಮಾಡಿದೆ. ಎಲ್ಲರೂ ಚದುರಿಹೋಗಿದ್ದರು. "ಬರ್ರಿ, ಇನ್ನೊಮ್ಮೆ," ಎಂದು ಕರೆದೆ. ಗೊಣಗುತ್ತ ಬಂದರು, ಜಡೆ ಸರಿಮಾಡಿಕೊಂಡರು, ಮೆಟ್ಟಿಲ ಮೇಲೆ ಮತ್ತೆ ಸಾಲಾದರು. ಮಧ್ಯದಲ್ಲಿ ನನಗೆ ಜಾಗ ಬಿಟ್ಟಿದ್ದರು. ಮೊದಲ ಸಲ ತೆಗೆದಿದ್ದ ಆಫೀಸಿನ ಹುಡುಗನ ಕೈಗೆ ಫೋನು ಕೊಟ್ಟು ಹೋಗಿ ನಿಂತೆ.